ಕರೆಂಟ್ ಹೋದರೂ ರಿಲೀಸ್ ನಿಲ್ಲಬಾರದು: ಕಮಾಂಡ್‌ಲೈನ್ ಟೂಲ್‌ಗಳ ಬಿಡುಗಡೆಯನ್ನು ಆಟೊಮೇಟ್ ಮಾಡುವ ಬಗೆ

ನಮ್ಮ ಕಡೆ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ರೈನ್ ಗೇಜ್ ನೋಡುತ್ತಾರೆ. ಎಷ್ಟು ಬಿತ್ತು ಅಂತ ಡೈರಿಯಲ್ಲಿ ಬರೆದಿಡುತ್ತಾರೆ. ಹವಾಮಾನ ಇಲಾಖೆಯವರದು ಮಿಲಿಮೀಟರ್ ಲೆಕ್ಕ. ಕೊಡಗಿನ ಬೆಳೆಗಾರರದು ಇಂದಿಗೂ ಇಂಚು, ಸೆಂಟ್. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸುಂಟಿಕೊಪ್ಪದ ಹತ್ತಿರ ಇರುವ ಚಿಕ್ಕಪ್ಪನ ಹಳೆಯ ಡೈರಿಗಳನ್ನು ಕಂಪ್ಯೂಟರ್‌ಗೆ ಹಾಕಲು ನಾನು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಕಮಾಂಡ್‌ಲೈನ್ ಟೂಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಹೊಡೆದು ಓಡಿಸುವ ಪ್ರೋಗ್ರಾಂ) ಬರೆದೆ. ಹೆಸರು ಮಳೆಪಟ್ಟಿ. ಚಿಕ್ಕಪ್ಪನದು ವಿಂಡೋಸ್, ಮೈಸೂರಿನ ಗೆಳೆಯನದು ಲಿನಕ್ಸ್, ಬೆಂಗಳೂರಿನ ತಂಗಿಯದು ಮ್ಯಾಕ್. ಮೂವರಿಗೂ ಕೊಡಬೇಕು.

ಅದರಲ್ಲಿ ಒಂದು ತಪ್ಪಿತ್ತು. 1.5 ಅಂತ ಹಾಕಿದರೆ ಟೂಲ್ ಅದನ್ನು 1 ಇಂಚು 50 ಸೆಂಟ್ ಅಂತ ಓದುತ್ತಿತ್ತು. ಚಿಕ್ಕಪ್ಪ ಬರೆದದ್ದು 1 ಇಂಚು 5 ಸೆಂಟ್. ಸರಿ ಮಾಡಿ 1.2.1 ಅಂತ ನಂಬರ್ ಕೊಟ್ಟೆ. ಜುಲೈ ತಿಂಗಳು, ಹೊರಗೆ ಸುರಿಯುತ್ತಿತ್ತು. ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಎರಡು, ಮ್ಯಾಕ್‌ಗೆ ಎರಡು, ಒಟ್ಟು ಐದು ಬಿಲ್ಡ್ (ಕೋಡ್‌ನಿಂದ ತಯಾರಿಸಿದ, ನೇರ ಓಡಿಸಬಹುದಾದ ಫೈಲ್). ಒಂದೊಂದನ್ನೇ ಕೈಯಲ್ಲಿ ಬಿಲ್ಡ್ ಮಾಡಿ, ಜಿಪ್ ಮಾಡಿ, ಅಪ್‌ಲೋಡ್ ಮಾಡುತ್ತಿದ್ದೆ. ಮೂರನೆಯದು ಹೋಗುವಾಗ ಎಲ್ಲೋ ಲೈನ್ ಮೇಲೆ ಮರ ಬಿತ್ತು. ಮರುದಿನ ಸಂಜೆ ಕರೆಂಟ್ ಬಂದಾಗ ಉಳಿದವನ್ನು ಅದೇ ಫೋಲ್ಡರ್‌ನಿಂದ ಎತ್ತಿ ಹಾಕಿದೆ. ಅಲ್ಲಿದ್ದ ವಿಂಡೋಸ್ ಜಿಪ್ ಹಿಂದಿನ ವಾರದ್ದು! ಪುಟದ ಮೇಲೆ 1.2.1, ಒಳಗೆ 1.2.0.

ಚಿಕ್ಕಪ್ಪ ಫೋನ್ ಮಾಡಿದರು. “ಏನೋ, ನಿನ್ನ ಲೆಕ್ಕದಲ್ಲಿ ಇನ್ನೂ ಮಳೆ ಜಾಸ್ತಿಯೇ ಬರ್ತಾ ಉಂಟಲ್ಲ. ನಮ್ಮ ತೋಟ ಏನು ಭಾಗಮಂಡಲದಲ್ಲಿ ಉಂಟಾ?”

ಅವತ್ತೇ ಕೈಕೆಲಸ ನಿಲ್ಲಿಸಿದೆ. ಮನೆಯಿಂದ ಹೊರಗೆ ಹೋಗಬೇಕಾದದ್ದು ಒಂದು ಟ್ಯಾಗ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಒಂದು ಹಂತಕ್ಕೆ ಕೊಡುವ ಹೆಸರು) ಮಾತ್ರ, ಅದು ಒಂದೆರಡು ಕೆಬಿ ಕೂಡ ಇರುವುದಿಲ್ಲ. ಬಿಲ್ಡ್, ಜಿಪ್, ಅಪ್‌ಲೋಡ್ ಎಲ್ಲ ಕರೆಂಟ್ ಹೋಗದ ಬೇರೆ ಯಾವುದೋ ಮೆಷಿನ್‌ನಲ್ಲಿ ಆಗಲಿ. ಅದನ್ನು ಕಟ್ಟುವುದು ಹೇಗೆ ಅಂತ ಒಂದೊಂದೇ ಹಂತವಾಗಿ ಹೇಳುತ್ತೇನೆ. ನಾನು ಬಳಸುವುದು ಕೋಡ್ ಇಡುವ ತಾಣವಾದ ಗಿಟ್‌ಹಬ್, ಅದರ ಮೆಷಿನ್‌ಗಳಲ್ಲಿ ನಮ್ಮ ಕೆಲಸ ಓಡಿಸುವ ಗಿಟ್‌ಹಬ್ ಆಕ್ಷನ್ಸ್ ಮತ್ತು ಬಿಲ್ಡ್, ಜಿಪ್, ಅಪ್‌ಲೋಡ್ ಎಲ್ಲ ಮಾಡುವ ಗೋರಿಲೀಸರ್ ಅನ್ನುವ ಟೂಲ್. ಕಮಾಂಡ್‌ಗಳನ್ನು ಓದಲು ಅನುಕೂಲವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

1. ಪ್ರೋಗ್ರಾಂಗೆ ತನ್ನ ನಂಬರ್ ಗೊತ್ತಿರಲಿ

ಎಲ್ಲಕ್ಕಿಂತ ಮೊದಲು ಇದು. ಚಿಕ್ಕಪ್ಪನ ಮೆಷಿನ್‌ನಲ್ಲಿ ಓಡುತ್ತಿರುವುದು ಯಾವುದು ಅಂತ ಕಂಡುಹಿಡಿಯಲು ನನಗೆ ಅರ್ಧ ಗಂಟೆ ಬೇಕಾಯಿತು, ಯಾಕೆಂದರೆ ಕೇಳಿದರೆ ಹೇಳಲು ಟೂಲ್‌ಗೇ ಗೊತ್ತಿರಲಿಲ್ಲ.

‘ಮೇನ್’ ಪ್ಯಾಕೇಜ್‌ನಲ್ಲಿ ‘ವರ್ಶನ್’, ‘ಕಮಿಟ್’, ‘ಡೇಟ್’ ಅಂತ ಮೂರು ಸ್ಟ್ರಿಂಗ್ ವೇರಿಯಬಲ್ ಇಡಿ (ಕಮಿಟ್ ಅಂದರೆ ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆ). ‘ವರ್ಶನ್’ಗೆ ಸದ್ಯಕ್ಕೆ ‘ಡೆವ್’ ಅಂತ ಬೆಲೆ ಕೊಡಿ. ‘--ವರ್ಶನ್’ ಅಂದಾಗ ಮೂರನ್ನೂ ಪ್ರಿಂಟ್ ಮಾಡಿಸಿ. ಕಾನ್‌ಸ್ಟಂಟ್ ಮಾಡಬೇಡಿ, ವೇರಿಯಬಲ್ಲೇ ಇರಲಿ. ಬಿಲ್ಡ್ ಮಾಡುವಾಗ ಲಿಂಕರ್ (ಕೊನೆಗೆ ಎಲ್ಲ ತುಂಡುಗಳನ್ನು ಜೋಡಿಸುವ ಪ್ರೋಗ್ರಾಂ) ‘-ಎಕ್ಸ್’ ಫ್ಲ್ಯಾಗ್ ಮೂಲಕ ಒಳಗೆ ಹೊಸ ಬೆಲೆ ತುಂಬುತ್ತದೆ, ಕಾನ್‌ಸ್ಟಂಟ್ ಆದರೆ ಅದು ಆಗುವುದಿಲ್ಲ. ಈ ಮೂರು ಹೆಸರುಗಳನ್ನೇ ಇಟ್ಟರೆ ಇನ್ನೊಂದು ಲಾಭ: ಗೋರಿಲೀಸರ್ ಬೇರೇನೂ ಹೇಳದಿದ್ದರೂ ಇವನ್ನೇ ಹುಡುಕಿ ತುಂಬುತ್ತದೆ.

ಸೋರ್ಸ್ ಕೋಡ್‌ನಲ್ಲಿ ಎಲ್ಲೂ ನಂಬರ್ ಕೈಯಲ್ಲಿ ಬರೆಯಬೇಡಿ. ನಂಬರ್ ಇರುವ ಜಾಗ ಒಂದೇ, ಅದು ಗಿಟ್ ಟ್ಯಾಗ್.

2. ಒಂದೇ ಫೈಲ್, ಯಾರ ಹಂಗೂ ಇಲ್ಲದ್ದು

2015ರ ಆಗಸ್ಟ್‌ನಲ್ಲಿ ಗೋ 1.5 ಬಂದಾಗಿನಿಂದ ಒಂದು ಮೆಷಿನ್‌ನಲ್ಲಿ ಕೂತು ಇನ್ನೊಂದು ಬಗೆಯ ಮೆಷಿನ್‌ಗೆ ಬಿಲ್ಡ್ ಮಾಡುವುದು (ಕ್ರಾಸ್ ಬಿಲ್ಡ್) ತುಂಬ ಸುಲಭ. ಯಾವ ಸಿಸ್ಟಂ, ಯಾವ ಪ್ರೊಸೆಸರ್ ಅಂತ ಹೇಳುವ ‘ಗೂಸ್’ ಮತ್ತು ‘ಗೋಆರ್ಚ್’ ಅನ್ನುವ ಎರಡು ವೇರಿಯಬಲ್ ಬದಲಿಸಿದರೆ ಸಾಕು. ಆದರೆ ಸಿ ಲೈಬ್ರರಿ ಸೇರಿಕೊಂಡರೆ ಈ ಸುಖ ಹೋಗುತ್ತದೆ. ಆದ್ದರಿಂದ ಗೋ ಒಳಗೆ ಸಿ ಕೋಡ್ ಸೇರಿಸಲು ಬಿಡುವ ಸಿಗೊ ಆಫ್ ಆಗಲಿ ಅಂತ ‘ಸಿಗೊ ಎನೇಬಲ್ಡ್’ ಅನ್ನು 0 ಮಾಡಿ.

“ಕ್ರಾಸ್ ಬಿಲ್ಡ್‌ನಲ್ಲಿ ಸಿಗೊ ತಾನಾಗಿಯೇ ಆಫ್ ಆಗುತ್ತದಲ್ಲ, ಮತ್ತೆ ಯಾಕೆ?” ಅಂತ ಕೇಳಬಹುದು. ನಿಜ, ಆಗುತ್ತದೆ. ಬಿಲ್ಡ್ ಮೆಷಿನ್ ಯಾವ ಬಗೆಯದೋ ಅದೇ ಬಗೆಗೆ ಬಿಲ್ಡ್ ಮಾಡುವಾಗ ಮಾತ್ರ ಆನ್ ಇರುತ್ತದೆ. ಹೊಸ ಉಬುಂಟು ಮೇಲೆ ಹಾಗೆ ಮಾಡಿದ ಲಿನಕ್ಸ್ ಬೈನರಿ (ಬಿಲ್ಡ್ ಆದ ಫೈಲ್) ಅಲ್ಲಿನ ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿಗೆ ಅಂಟಿಕೊಳ್ಳಬಹುದು. ಹಳೆಯ ಲಿನಕ್ಸ್ ಇರುವವರಿಗೆ ಕೊಟ್ಟರೆ ಜಿಲಿಬ್‌ಸಿಯ ಇಂಥ ಆವೃತ್ತಿ ಸಿಗಲಿಲ್ಲ ಅಂತ ಹೇಳಿ ನಿಂತುಬಿಡುತ್ತದೆ. ಐದರಲ್ಲಿ ನಾಲ್ಕು ಸರಿ, ಒಂದು ಮಾತ್ರ ಕೆಟ್ಟದ್ದು. ಹುಡುಕಲು ಕಷ್ಟವಾದ ಬಗೆಯ ತೊಂದರೆ ಇದು.

ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿ ಕೂರುವ ಸಣ್ಣ ಡೇಟಾಬೇಸ್) ಬೇಕಿದ್ದರೆ ಸಿಗೊ ಕೇಳುವ ಡ್ರೈವರ್ ಬಿಟ್ಟು, ಪೂರ್ತಿ ಗೋ ಭಾಷೆಗೆ ಬದಲಾಯಿಸಿದ ‘ಮಾಡರ್ನ್‌ಸಿ’ ಡ್ರೈವರ್ ಹಾಕಿಕೊಳ್ಳಿ. ಸ್ವಲ್ಪ ನಿಧಾನ. ಮಳೆ ಡೈರಿಗೆ ಅದು ಏನೂ ಅಲ್ಲ.

ಟೈಮ್ ಝೋನ್‌ನಲ್ಲಿ ನಾನು ಬಿದ್ದ ಗುಂಡಿಯನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಳೆಯ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕವೂ ಹಾಗೇ. ಹಾಗಾಗಿ ಟೂಲ್ ‘ಏಷ್ಯಾ/ಕೋಲ್ಕತ್ತಾ’ ಸಮಯವನ್ನು ಲೋಡ್ ಮಾಡುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿತು, ಚಿಕ್ಕಪ್ಪನಲ್ಲಿ ಓಡಲಿಲ್ಲ. ಗೋಗೆ ಬೇಕಾದ ರೂಪದಲ್ಲಿ ಟೈಮ್ ಝೋನ್ ಪಟ್ಟಿ ವಿಂಡೋಸ್‌ನಲ್ಲಿ ಇರುವುದಿಲ್ಲ. ನನ್ನಲ್ಲಿ ಗೋ ಇನ್‌ಸ್ಟಾಲ್ ಆಗಿದ್ದರಿಂದ ಅದರ ಜೊತೆಗೆ ಬಂದಿತ್ತು, ಅಷ್ಟೇ. ‘ಟೈಮ್/ಟಿಝೆಡ್‌ಡೇಟಾ’ ಪ್ಯಾಕೇಜನ್ನು ಇಂಪೋರ್ಟ್ ಮಾಡಿದರೆ ಪಟ್ಟಿ ಬೈನರಿಯ ಒಳಗೇ ಕೂರುತ್ತದೆ. ಸುಮಾರು 450 ಕೆಬಿ ಜಾಸ್ತಿಯಾಗುತ್ತದೆ, ಆಗಲಿ ಬಿಡಿ. ಗೋ 1.15ರಿಂದ ಈ ಸೌಲಭ್ಯ ಇದೆ.

ಇದೇ ಹೊತ್ತಲ್ಲಿ ‘ಯುಪಿಎಕ್ಸ್’ ಹಾಕಿ ಬೈನರಿಯನ್ನು ಚಿಕ್ಕದು ಮಾಡುವ ಆಸೆ ಬರುತ್ತದೆ. ಬೇಡ. ಹಾಗೆ ಕುಗ್ಗಿಸಿದ ಫೈಲ್ ಕಂಡರೆ ಕೆಲವು ಆಂಟಿವೈರಸ್‌ಗಳಿಗೆ ಸುಮ್ನೆ ಅನುಮಾನ. ‘-ಎಸ್ -ಡಬ್ಲ್ಯೂ’ ಲಿಂಕರ್ ಫ್ಲ್ಯಾಗ್‌ಗಳು ಡಿಬಗ್ ಮಾಹಿತಿ ತೆಗೆದು ಸಾಕಷ್ಟು ಇಳಿಸುತ್ತವೆ.

3. ಗೋರಿಲೀಸರ್ ಫೈಲ್ ಬರೆಯುವುದು

ಗೋ ಇದ್ದರೆ ‘ಗೋ ಇನ್‌ಸ್ಟಾಲ್’ನಿಂದಲೇ ಗೋರಿಲೀಸರ್ ಹಾಕಿಕೊಳ್ಳಬಹುದು. ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿಕೊಡುವ ಟೂಲ್‌ಗಳಾದ ಮ್ಯಾಕ್‌ನಲ್ಲಿ ಹೋಮ್‌ಬ್ರೂ, ವಿಂಡೋಸ್‌ನಲ್ಲಿ ಸ್ಕೂಪ್ ಕೂಡ ಕೊಡುತ್ತವೆ. ರೆಪೊದ, ಅಂದರೆ ಕೋಡ್ ಇರುವ ಗಿಟ್ ಫೋಲ್ಡರ್‌ನ, ಒಳಗೆ ನಿಂತು ಹೀಗೆ ಹೊಡೆಯಿರಿ:

ಗೋರಿಲೀಸರ್ ಇನಿಟ್

ಚುಕ್ಕೆಯಿಂದ ಶುರುವಾಗುವ ಒಂದು ಯಾಮಲ್ ಫೈಲ್ (ಸೆಟಿಂಗ್‌ಗಳನ್ನು ಬರೆದಿಡುವ ಪಠ್ಯ ಫೈಲ್) ಹುಟ್ಟುತ್ತದೆ. ಅದನ್ನು ತೆರೆದು ನಿಧಾನಕ್ಕೆ ಓದಿ. ಮೇಲ್ಗಡೆ ‘ವರ್ಶನ್: 2’ ಇರಬೇಕು. ಇದು ನಿಮ್ಮ ಟೂಲ್‌ನ ನಂಬರ್ ಅಲ್ಲ, ಫೈಲ್‌ನ ರೂಪದ ನಂಬರ್.

‘ಬಿಲ್ಡ್ಸ್’ ಭಾಗದಲ್ಲಿ ಯಾವ ಸಿಸ್ಟಂ, ಯಾವ ಪ್ರೊಸೆಸರ್ ಅಂತ ಹೇಳುತ್ತೀರಿ. ಏನೂ ಹೇಳದಿದ್ದರೆ ಗೋರಿಲೀಸರ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಬಿಲ್ಡ್ ಮಾಡುತ್ತದೆ, 32 ಬಿಟ್ ಕೂಡ ಸೇರಿಸಿ. ನಾನು 32 ಬಿಟ್ ತೆಗೆದುಹಾಕಿದೆ. ಯಾರೂ ಕೇಳಿಲ್ಲ, ಪುಟದಲ್ಲಿ ಫೈಲ್ ಜಾಸ್ತಿಯಾದಷ್ಟೂ ಜನ ತಪ್ಪಾದದ್ದನ್ನೇ ಇಳಿಸಿಕೊಳ್ಳುತ್ತಾರೆ. ಗೋಣಿಕೊಪ್ಪದ ಒಬ್ಬರು ರಾಸ್ಪ್‌ಬೆರಿ ಪೈಗೆ ರೈನ್ ಗೇಜ್ ಜೋಡಿಸಿದ್ದಾರೆ, ಅವರಿಗಾಗಿ ಲಿನಕ್ಸ್ ಆರ್ಮ್64 ಇದೆ. ‘ಸಿಗೊ ಎನೇಬಲ್ಡ್=0’ ಕೂಡ ಇಲ್ಲೇ, ‘ಎನ್ವ್’ ಕೆಳಗೆ. ಫ್ಲ್ಯಾಗ್‌ಗಳಲ್ಲಿ ‘-ಟ್ರಿಮ್‌ಪಾಥ್’ ಸೇರಿಸಿ, ಇಲ್ಲದಿದ್ದರೆ ಬಿಲ್ಡ್ ಆದ ಮೆಷಿನ್‌ನ ಫೋಲ್ಡರ್ ದಾರಿಯೆಲ್ಲ ಬೈನರಿಯ ಒಳಗೆ ಉಳಿಯುತ್ತದೆ.

‘ಆರ್ಕೈವ್ಸ್’ನಲ್ಲಿ ಸಾಮಾನ್ಯವಾಗಿ ಟಾರ್-ಜಿಝೆಡ್, ವಿಂಡೋಸ್‌ಗೆ ಮಾತ್ರ ಜಿಪ್ ಅಂತ ಹೇಳಿ. ಲೈಸೆನ್ಸ್ ಮತ್ತು ರೀಡ್‌ಮಿ ಜೊತೆಗೆ ಹೋಗಲಿ. ಫೈಲ್ ಹೆಸರಿನಲ್ಲಿ ಮ್ಯಾಕ್‌ಗೆ ‘ಡಾರ್ವಿನ್’ ಅಂತ ಬರುತ್ತದೆ. ತಂಗಿ “ಇದು ಯಾರು ಡಾರ್ವಿನ್?” ಅಂತ ಕೇಳಿದ ಮೇಲೆ ಹೆಸರಿನ ಟೆಂಪ್ಲೇಟ್‌ನಲ್ಲಿ ಅದನ್ನು ‘ಮ್ಯಾಕ್‌ಒಎಸ್’ ಮಾಡಿದೆ.

‘ಚೆಕ್‌ಸಮ್’ಗೆ ಏನೂ ಮಾಡಬೇಕಿಲ್ಲ. ಎಲ್ಲ ಫೈಲ್‌ಗಳ ಶಾ-256 ಮೊತ್ತ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಒಂದು ಪಠ್ಯ ಫೈಲ್‌ಗೆ ಬರುತ್ತದೆ. ಲಿನಕ್ಸ್‌ನವರು ‘ಶಾ256ಸಮ್ -ಸಿ’ ಹಾಕಿ, ವಿಂಡೋಸ್‌ನವರು ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’ ಹಾಕಿ ಹೋಲಿಸಿ ನೋಡಬಹುದು. ಇಳಿಸಿಕೊಳ್ಳುವಾಗ ನೆಟ್‌ವರ್ಕ್ ತುಂಡಾಗಿ ಅರ್ಧ ಬಂದ ಫೈಲ್ ಇದರಿಂದ ತಕ್ಷಣ ಸಿಕ್ಕಿಬೀಳುತ್ತದೆ. ನಮ್ಮ ಕಡೆ ಇದು ಬರೀ ಸೆಕ್ಯುರಿಟಿ ಮಾತಲ್ಲ.

‘ಚೇಂಜ್‌ಲಾಗ್’ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕಮಿಟ್ ಸಂದೇಶಗಳಿಂದ ಪಟ್ಟಿ ತಾನಾಗಿಯೇ ತಯಾರಾಗುತ್ತದೆ. ‘ಡಾಕ್ಸ್:’, ‘ಟೆಸ್ಟ್:’ ಅಂತ ಶುರುವಾಗುವುದನ್ನು ಫಿಲ್ಟರ್‌ನಲ್ಲಿ ಬಿಡಿಸಲೂಬಹುದು. ಆದರೆ ಅದನ್ನು ಓದುವುದು ಬೇರೆ ಪ್ರೋಗ್ರಾಮರ್‌ಗಳು ಮಾತ್ರ. ನಾನು ಪಟ್ಟಿಯ ಮೇಲೆ ಎರಡು ಸಾಲು ಕನ್ನಡದಲ್ಲಿ ಕೈಯಾರೆ ಬರೆಯುತ್ತೇನೆ: “1.5 ಅಂತ ಹಾಕಿದರೆ ಈಗ ಟೂಲ್ ನಿಂತು ಕೇಳುತ್ತದೆ, 5 ಸೆಂಟಾ, 50 ಸೆಂಟಾ ಅಂತ.” ಇದೊಂದನ್ನು ಆಟೊಮೇಟ್ ಮಾಡುವ ಯೋಚನೆ ನನಗಿಲ್ಲ.

ಕೊನೆಗೆ ‘ರಿಲೀಸ್’ ಭಾಗದಲ್ಲಿ ಎರಡು ಸಾಲು: ‘ಡ್ರಾಫ್ಟ್: ಟ್ರೂ’, ‘ಪ್ರೀರಿಲೀಸ್: ಆಟೊ’. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

4. ಮನೆಯಲ್ಲೇ ಒಂದು ರಿಹರ್ಸಲ್

ಗೋರಿಲೀಸರ್ ಚೆಕ್
ಗೋರಿಲೀಸರ್ ರಿಲೀಸ್ --ಸ್ನ್ಯಾಪ್‌ಶಾಟ್ --ಕ್ಲೀನ್

ಮೊದಲನೆಯದು ಫೈಲ್‌ನಲ್ಲಿ ತಪ್ಪಿದೆಯಾ, ಹಳತಾದ ಕೀಗಳಿವೆಯಾ ಅಂತ ನೋಡುತ್ತದೆ. ಎರಡನೆಯದು ಎಲ್ಲ ಬಿಲ್ಡ್ ಮಾಡಿ ‘ಡಿಸ್ಟ್’ ಫೋಲ್ಡರ್‌ಗೆ ಹಾಕುತ್ತದೆ, ಎಲ್ಲಿಗೂ ಅಪ್‌ಲೋಡ್ ಮಾಡುವುದಿಲ್ಲ. ‘--ಕ್ಲೀನ್’ ಇರುವುದರಿಂದ ಹಳೆಯ ‘ಡಿಸ್ಟ್’ ಪೂರ್ತಿ ಅಳಿಸಿಹೋಗುತ್ತದೆ. ನನ್ನ ಹಿಂದಿನ ವಾರದ ಜಿಪ್‌ಗೆ ಇಷ್ಟೇ ಬೇಕಿತ್ತು, ಅಲ್ವಾ. ‘ಡಿಸ್ಟ್’ ಅನ್ನು ‘ಗಿಟ್‌ಇಗ್ನೋರ್’ಗೆ ಸೇರಿಸಲು ಮರೆಯಬೇಡಿ. ನಿಜವಾದ ರಿಲೀಸ್‌ನಲ್ಲಿ ಕಮಿಟ್ ಆಗದ ಬದಲಾವಣೆ ಏನಾದರೂ ಇದ್ದರೆ ಗೋರಿಲೀಸರ್ ಮುಂದೆ ಹೋಗುವುದೇ ಇಲ್ಲ.

5. ಗಿಟ್‌ಹಬ್ ಆಕ್ಷನ್ಸ್‌ಗೆ ಒಪ್ಪಿಸುವುದು

ರೆಪೊದ ‘.ಗಿಟ್‌ಹಬ್/ವರ್ಕ್‌ಫ್ಲೋಸ್’ ಫೋಲ್ಡರ್‌ನಲ್ಲಿ ‘ರಿಲೀಸ್’ ಹೆಸರಿನ ಒಂದು ಯಾಮಲ್ ಫೈಲ್ ಮಾಡಿ. ಪಬ್ಲಿಕ್ ರೆಪೊ ಆದರೆ ಗಿಟ್‌ಹಬ್‌ನ ಮಾಮೂಲಿ ರನ್ನರ್‌ಗಳು (ಕೆಲಸ ಓಡಿಸುವ ಮೆಷಿನ್‌ಗಳು) ಉಚಿತ. ಪ್ರೈವೇಟ್ ಆದರೆ ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ.

ಯಾವಾಗ ಓಡಬೇಕು ಅನ್ನುವ ಕಡೆ ‘ಆನ್: ಪುಶ್: ಟ್ಯಾಗ್ಸ್’ ಅಂತ ಹಾಕಿ, ‘ವಿ*’ ಮಾದರಿ ಕೊಡಿ. ಅಂದರೆ ‘ವಿ’ಯಿಂದ ಶುರುವಾಗುವ ಟ್ಯಾಗ್ ಬಂದಾಗ ಮಾತ್ರ ಓಡಲಿ. ‘ಪರ್ಮಿಶನ್ಸ್’ ಕೆಳಗೆ ‘ಕಂಟೆಂಟ್ಸ್: ರೈಟ್’ ಬೇಕು, ಇಲ್ಲದಿದ್ದರೆ ಬಿಲ್ಡ್ ಎಲ್ಲ ಮುಗಿದ ಮೇಲೆ ಕೊನೆಯ ಗಳಿಗೆಯಲ್ಲಿ 403 ಅಂತ ಕೈಕೊಡುತ್ತದೆ.

ಒಳಗೆ ಮೂರು ಜಾಬ್ ಇಡಿ.

ಮೊದಲನೆಯದು ಟೆಸ್ಟ್. ‘ಗೋ ವೆಟ್’, ಆಮೇಲೆ ‘ಗೋ ಟೆಸ್ಟ್’. ಉಬುಂಟು, ವಿಂಡೋಸ್, ಮ್ಯಾಕ್ ಮೂರರ ಮೇಲೂ ಮೇಟ್ರಿಕ್ಸ್ ಹಾಕಿ ಓಡಿಸಿ.

ಎರಡನೆಯದು ರಿಲೀಸ್. ಇದಕ್ಕೆ ‘ನೀಡ್ಸ್: ಟೆಸ್ಟ್’ ಕೊಟ್ಟರೆ ಟೆಸ್ಟ್ ಪಾಸಾಗದೆ ಶುರುವಾಗುವುದಿಲ್ಲ. ಉಬುಂಟು ಒಂದರಲ್ಲೇ ಐದೂ ಬಿಲ್ಡ್ ಆಗುತ್ತವೆ. ಹೆಜ್ಜೆಗಳು ಮೂರೇ: ಚೆಕ್‌ಔಟ್, ಗೋ ಸೆಟಪ್, ಗೋರಿಲೀಸರ್ ಆಕ್ಷನ್. ಚೆಕ್‌ಔಟ್‌ನಲ್ಲಿ ‘ಫೆಚ್-ಡೆಪ್ತ್: 0’ ಹಾಕಲೇಬೇಕು. ಹಾಕದಿದ್ದರೆ ಕೊನೆಯ ಒಂದು ಕಮಿಟ್ ಮಾತ್ರ ಬರುತ್ತದೆ, ಹಿಂದಿನ ಟ್ಯಾಗ್ ಯಾವುದು ಅಂತ ಗೋರಿಲೀಸರ್‌ಗೆ ಗೊತ್ತಾಗದೆ ಚೇಂಜ್‌ಲಾಗ್ ಹಾಳಾಗುತ್ತದೆ. ರೆಪೊಗೆ ಬರೆಯಲು ಬೇಕಾದ ಕೀಲಿಯಾದ ‘ಗಿಟ್‌ಹಬ್ ಟೋಕನ್’ ಅನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಡಿ. ಅದನ್ನು ನೀವು ಹುಟ್ಟಿಸಬೇಕಿಲ್ಲ, ಪ್ರತಿ ಸಲ ಗಿಟ್‌ಹಬ್ ತಾನೇ ಕೊಡುತ್ತದೆ. ಮುಗಿದ ಮೇಲೆ ‘ಡಿಸ್ಟ್’ನ ಆರ್ಕೈವ್‌ಗಳನ್ನು ಆರ್ಟಿಫ್ಯಾಕ್ಟ್ (ಮುಂದಿನ ಜಾಬ್ ಇಳಿಸಿಕೊಳ್ಳಲು ಗಿಟ್‌ಹಬ್ ಇಟ್ಟುಕೊಳ್ಳುವ ಫೈಲ್) ಆಗಿ ಅಪ್‌ಲೋಡ್ ಮಾಡಿ.

ಮೂರನೆಯ ಜಾಬ್ ಅನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನನಗೆ ಇದೇ ಮುಖ್ಯ. ಮತ್ತೆ ಮೂರು ಬಗೆಯ ರನ್ನರ್ ಮೇಲೆ ಆ ಆರ್ಟಿಫ್ಯಾಕ್ಟ್ ಇಳಿಸಿ, ಬಿಚ್ಚಿ, ‘ಮಳೆಪಟ್ಟಿ --ವರ್ಶನ್’ ಓಡಿಸಿ, ಬಂದ ನಂಬರ್ ಟ್ಯಾಗ್‌ಗೆ ಹೊಂದುತ್ತದಾ ಅಂತ ನೋಡುವುದು. ಹೊಂದದಿದ್ದರೆ ಫೇಲ್. ಟ್ಯಾಗ್‌ನಲ್ಲಿ ‘ವಿ’ ಇರುತ್ತದೆ, ಗೋರಿಲೀಸರ್ ತುಂಬುವ ವರ್ಶನ್‌ನಲ್ಲಿ ‘ವಿ’ ಇರುವುದಿಲ್ಲ, ಹೋಲಿಸುವ ಮೊದಲು ಅದನ್ನು ಕಳಚಿ. ಬಿಡಿ ಬೈನರಿಯನ್ನು ಬೇಡ, ಟಾರ್ ಫೈಲನ್ನೇ ಬಿಚ್ಚಿ. ಆರ್ಟಿಫ್ಯಾಕ್ಟ್ ಆಗಿ ಹೋಗಿಬರುವಾಗ ಫೈಲ್‌ಗಳ ಎಕ್ಸಿಕ್ಯೂಟ್ ಪರ್ಮಿಶನ್ ಕಳೆದುಹೋಗುತ್ತದೆ, ಟಾರ್ ಒಳಗಿದ್ದರೆ ಉಳಿಯುತ್ತದೆ. ಜನ ಇಳಿಸಿಕೊಳ್ಳುವುದೂ ಅದನ್ನೇ ತಾನೇ? ನಂಬರ್ ನೋಡುವುದರ ಜೊತೆಗೆ ಮೂರು ಸಾಲಿನ ಒಂದು ಮಾದರಿ ಡೈರಿಯನ್ನೂ ಓದಿಸುತ್ತೇನೆ. ಟೈಮ್ ಝೋನ್‌ನ ತಪ್ಪು ಇಲ್ಲಿ ಸಿಗಬಹುದಿತ್ತು ಅನ್ನಲು ಆಗುವುದಿಲ್ಲ, ಯಾಕೆಂದರೆ ಗಿಟ್‌ಹಬ್‌ನ ವಿಂಡೋಸ್ ರನ್ನರ್‌ನಲ್ಲೂ ಗೋ ಮೊದಲೇ ಇರುತ್ತದೆ. ಅದಕ್ಕೆ ಚಿಕ್ಕಪ್ಪನ ಕಂಪ್ಯೂಟರೇ ಬೇಕು.

ಇಲ್ಲೊಂದು ಎಚ್ಚರಿಕೆ. ಬೇರೆಯವರು ಬರೆದ ಆಕ್ಷನ್ ಬಳಸುವಾಗ ಟ್ಯಾಗ್ ಹೆಸರಿನ ಬದಲು ಪೂರ್ತಿ ಕಮಿಟ್ ಹ್ಯಾಶ್ (ಆ ಕಮಿಟ್‌ನ ಬದಲಾಗದ ಗುರುತು) ಬರೆಯಿರಿ. 2025ರ ಮಾರ್ಚ್‌ನಲ್ಲಿ ಬಹಳ ಜನ ಬಳಸುತ್ತಿದ್ದ ‘ಚೇಂಜ್ಡ್-ಫೈಲ್ಸ್’ ಅನ್ನುವ ಆಕ್ಷನ್‌ನ ಟ್ಯಾಗ್‌ಗಳನ್ನು ಯಾರೋ ಕೆಟ್ಟ ಕಮಿಟ್‌ಗೆ ತಿರುಗಿಸಿಬಿಟ್ಟರು. ಅದು ರೆಪೊಗಳ ಸೀಕ್ರೆಟ್‌ಗಳನ್ನು ಲಾಗ್‌ನಲ್ಲಿ ಚೆಲ್ಲುತ್ತಿತ್ತು. ಹ್ಯಾಶ್ ಹಾಕಿಕೊಂಡಿದ್ದವರಿಗೆ ಹಳೆಯ ಕೋಡೇ ಓಡಿತು. ರಿಲೀಸ್ ಮಾಡುವ ವರ್ಕ್‌ಫ್ಲೋಗೆ ಬರೆಯುವ ಅಧಿಕಾರ ಕೊಟ್ಟಿರುತ್ತೇವೆ, ಅದಕ್ಕೇ ಇಲ್ಲಿ ಇಷ್ಟು ಜಾಗ್ರತೆ.

6. ಟ್ಯಾಗ್ ಹೊಡೆಯುವುದು

ನಂಬರ್ ಹೇಗೆ ಆರಿಸುವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಪ್ಪು ತಿದ್ದಿದರೆ ಕೊನೆಯ ಅಂಕಿ, ಹೊಸದು ಸೇರಿಸಿದರೆ ನಡುವಿನದು. ಹಳೆಯ ಡೈರಿ ಫೈಲ್ ಹೊಸ ಟೂಲ್‌ನಲ್ಲಿ ತೆರೆಯದ ಹಾಗೆ ಮಾಡಿದರೆ ಮೊದಲನೆಯದು.

ಗಿಟ್ ಟ್ಯಾಗ್ -ಎ ವಿ1.3.0 -ಎಂ "ತಿಂಗಳ ಮೊತ್ತ ಮಿಲಿಮೀಟರ್‌ನಲ್ಲೂ"
ಗಿಟ್ ಪುಶ್ ಒರಿಜಿನ್ ವಿ1.3.0

ಬರೀ ‘ಗಿಟ್ ಪುಶ್’ ಅಂದರೆ ಟ್ಯಾಗ್ ಹೋಗುವುದಿಲ್ಲ, ಹೆಸರು ಹೇಳಿಯೇ ಕಳಿಸಬೇಕು. ‘--ಟ್ಯಾಗ್ಸ್’ ಹಾಕಿ ಎಲ್ಲವನ್ನೂ ಒಟ್ಟಿಗೆ ತಳ್ಳುವ ಅಭ್ಯಾಸ ಇದ್ದರೆ ಬಿಡಿ. ಒಂದೇ ಸಲ ಮೂರಕ್ಕಿಂತ ಹೆಚ್ಚು ಟ್ಯಾಗ್ ಹೋದರೆ ಗಿಟ್‌ಹಬ್ ಪುಶ್ ಈವೆಂಟನ್ನೇ ಹುಟ್ಟಿಸುವುದಿಲ್ಲ. ವರ್ಕ್‌ಫ್ಲೋ ಓಡುವುದಿಲ್ಲ, ಎರರ್ ಕೂಡ ಕಾಣುವುದಿಲ್ಲ. ನೀವು ಕಾಯುತ್ತಾ ಕೂರುತ್ತೀರಿ.

ಮೊದಲ ಸಲ ಮಾಡುವಾಗ ‘ವಿ1.3.0-ಆರ್‌ಸಿ.1’ ಅಂತ ಟ್ಯಾಗ್ ಕೊಟ್ಟು ನೋಡಿ. ‘ಪ್ರೀರಿಲೀಸ್: ಆಟೊ’ ಇರುವುದರಿಂದ ಅದು ಪರೀಕ್ಷೆಯ ಬಿಡುಗಡೆ ಅಂತಲೇ ಗುರುತಾಗುತ್ತದೆ.

7. ಡ್ರಾಫ್ಟ್ ನೋಡಿ ಗುಂಡಿ ಒತ್ತುವುದು

ಕೆಲವರು ಇದನ್ನೂ ಆಟೊಮೇಟ್ ಮಾಡುತ್ತಾರೆ. ನಾನು ಮಾಡಿಲ್ಲ. ಡ್ರಾಫ್ಟ್ ಆಗಿದ್ದಾಗ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಮೂರನೆಯ ಜಾಬ್ ಹಸಿರಾದ ಮೇಲೆ ರಿಲೀಸ್ ಪುಟ ತೆರೆದು ಐದು ಆರ್ಕೈವ್, ಒಂದು ಚೆಕ್‌ಸಮ್ ಫೈಲ್ ಇವೆಯಾ ಅಂತ ಎಣಿಸುತ್ತೇನೆ. ಕನ್ನಡದ ಎರಡು ಸಾಲು ಸೇರಿಸಿ ಪಬ್ಲಿಶ್ ಒತ್ತುತ್ತೇನೆ. ಫೋನ್‌ನ ಬ್ರೌಸರ್‌ನಲ್ಲೇ ಆಗುತ್ತದೆ. ಟರ್ಮಿನಲ್‌ನಿಂದಲೇ ಮಾಡುವವರಿಗೆ:

ಜಿಎಚ್ ರಿಲೀಸ್ ಎಡಿಟ್ ವಿ1.3.0 --ಡ್ರಾಫ್ಟ್=ಫಾಲ್ಸ್

ಹೋಮ್‌ಬ್ರೂ, ಸ್ಕೂಪ್, ಮತ್ತೆ ಮ್ಯಾಕ್‌ನ ತಕರಾರು

ಜಿಪ್ ಇಳಿಸಿ ಬಿಚ್ಚುವುದಕ್ಕಿಂತ ಒಂದು ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಆದರೆ ಚೆಂದ. ಗೋರಿಲೀಸರ್ ಹೋಮ್‌ಬ್ರೂ ಮತ್ತು ಸ್ಕೂಪ್ ಎರಡಕ್ಕೂ ಬೇಕಾದ ಫೈಲ್ ಬರೆದುಕೊಡುತ್ತದೆ. ಹೋಮ್‌ಬ್ರೂಗೆ ‘ಹೋಮ್‌ಬ್ರೂ-’ ಅಂತ ಶುರುವಾಗುವ ಹೆಸರಿನ ಬೇರೆ ರೆಪೊ ಬೇಕು. ಹಳೆಯ ಬರಹಗಳಲ್ಲಿ ‘ಬ್ರೂಸ್’ ಕೀ ಇರುತ್ತದೆ, ಈಗ ಅದರ ಬದಲು ‘ಹೋಮ್‌ಬ್ರೂ ಕಾಸ್ಕ್ಸ್’. ಗಿಟ್‌ಹಬ್ ತಾನೇ ಕೊಡುವ ಟೋಕನ್ ಅದೇ ರೆಪೊಗೆ ಮಾತ್ರ ನಡೆಯುತ್ತದೆ, ಇನ್ನೊಂದಕ್ಕೆ ಬರೆಯುವುದಿಲ್ಲ. ಆ ಒಂದು ರೆಪೊಗೆ ಮಾತ್ರ ಬರೆಯುವ ಅಧಿಕಾರ ಇರುವ ಪರ್ಸನಲ್ ಟೋಕನ್ ಮಾಡಿ ಸೀಕ್ರೆಟ್ಸ್‌ನಲ್ಲಿಡಿ. ಅದಕ್ಕೆ ಅವಧಿ ಇರುತ್ತದೆ, ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಬ್ರೌಸರ್‌ನಿಂದ ಇಳಿಸಿದ, ಸಹಿಯಿಲ್ಲದ ಬೈನರಿಯನ್ನು ಮ್ಯಾಕ್ ತಡೆಯುತ್ತದೆ. ಸರಿಯಾದ ಸಹಿ, ನೋಟರೈಸೇಶನ್ (ಆಪಲ್ ಮಾಡುವ ಪರಿಶೀಲನೆ) ಬೇಕಾದರೆ ಆಪಲ್ ಡೆವಲಪರ್ ಸದಸ್ಯತ್ವ, ವರ್ಷಕ್ಕೆ 99 ಡಾಲರ್. ಒಬ್ಬ ತಂಗಿಗಾಗಿ ಅಷ್ಟು ಕೊಡಲು ನಾನು ತಯಾರಿಲ್ಲ. ‘ಎಕ್ಸ್ಆಟರ್ -ಡಿ’ ಬಳಸಿ ‘ಕ್ವಾರಂಟೈನ್’ ಗುರುತು ಅಳಿಸುವುದನ್ನು ರೀಡ್‌ಮಿಯಲ್ಲಿ ಬರೆದಿಟ್ಟಿದ್ದೇನೆ. ‘ಕರ್ಲ್’ನಿಂದ ಇಳಿಸಿದರೆ ಆ ಗುರುತೇ ಬೀಳುವುದಿಲ್ಲ.

ರಸ್ಟ್‌ನಲ್ಲಿ ಬರೆಯುವವರಿಗೆ ‘ಕಾರ್ಗೊ-ಡಿಸ್ಟ್’ ಇದೆ. ಈಗೀಗ ಗೋರಿಲೀಸರ್ ಕೂಡ ರಸ್ಟ್ ಬಿಲ್ಡ್ ಮಾಡುತ್ತದೆ. ಟ್ಯಾಗ್, ಟೆಸ್ಟ್, ಡ್ರಾಫ್ಟ್ ಅನ್ನುವ ಕ್ರಮ ಅಲ್ಲಿಯೂ ಇದೇ.

ಕೆಟ್ಟ ರಿಲೀಸ್ ಹೊರಗೆ ಹೋದರೆ

ಡ್ರಾಫ್ಟ್‌ನಲ್ಲೇ ಸಿಕ್ಕಿಬಿದ್ದರೆ ತೊಂದರೆಯಿಲ್ಲ. ಡ್ರಾಫ್ಟ್ ಅಳಿಸಿ, ‘ಗಿಟ್ ಪುಶ್ --ಡಿಲೀಟ್ ಒರಿಜಿನ್ ವಿ1.3.0’ ಅಂತ ಟ್ಯಾಗ್ ತೆಗೆದು, ಮನೆಯ ಗಿಟ್‌ನಲ್ಲೂ ಅಳಿಸಿ, ಮತ್ತೆ ಹೊಡೆಯಿರಿ.

ಪಬ್ಲಿಶ್ ಆಗಿಬಿಟ್ಟಿದ್ದರೆ ಆ ಟ್ಯಾಗನ್ನು ಮುಟ್ಟಬೇಡಿ. ಯಾರಾದರೂ ‘ಗೋ ಇನ್‌ಸ್ಟಾಲ್’ ಮಾಡಿದ್ದರೆ ಗೋ ಮಾಡ್ಯೂಲ್ ಪ್ರಾಕ್ಸಿ (ಗೋ ಕೋಡ್‌ನ ಪ್ರತಿ ಇಟ್ಟು ಹಂಚುವ ಸರ್ವರ್) ಆ ನಂಬರಿನ ಕೋಡನ್ನು ಆಗಲೇ ಇಟ್ಟುಕೊಂಡಿರುತ್ತದೆ. ಅದೇ ನಂಬರ್‌ಗೆ ಬೇರೆ ಕೋಡ್ ಕೊಟ್ಟರೆ ಚೆಕ್‌ಸಮ್ ಹೊಂದುವುದಿಲ್ಲ. ಫೈಲ್ ಅಳಿಸಿದರೆ ಸ್ಕೂಪ್‌ನವರಿಗೆ 404. 1.3.1 ಬಿಡಿ, 1.3.0ರ ಪುಟದಲ್ಲಿ “ಇದನ್ನು ಬಳಸಬೇಡಿ” ಅಂತ ಒಂದು ಸಾಲು ಹಾಕಿ. ಲೈಬ್ರರಿಯಾಗಿಯೂ ಜನ ಬಳಸುತ್ತಿದ್ದರೆ ‘ಗೋ.ಮಾಡ್’ನಲ್ಲಿ ‘ರಿಟ್ರ್ಯಾಕ್ಟ್’ ಸಾಲು ಸೇರಿಸಿ.

ನನ್ನ 1.3.1 ಹೀಗೆಯೇ ಬಂದದ್ದು. ಟ್ಯಾಗ್ ತಳ್ಳುವಾಗ ಫೋನ್‌ನಲ್ಲಿ ನೆಟ್‌ವರ್ಕ್ ಒಂದೇ ಗೆರೆ. ಟ್ಯಾಗ್ ಹೋಯಿತು, ಹತ್ತು ನಿಮಿಷಕ್ಕೆ ಕರೆಂಟೂ ಹೋಯಿತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಇಳಿದಾಗ ಫೋನ್‌ನಲ್ಲೇ ಡ್ರಾಫ್ಟ್ ತೆರೆದೆ. ಆರು ಫೈಲ್ ಸರಿಯಾಗಿ ಕೂತಿದ್ದವು. ಪಬ್ಲಿಶ್ ಒತ್ತಿದೆ. ಮಧ್ಯಾಹ್ನ ಚಿಕ್ಕಪ್ಪ ಮಾನಿಟರ್‌ನ ಫೋಟೊ ಕಳಿಸಿದರು, ಮೇಲೆ 1.3.1, ಕೆಳಗೆ ಆ ತಿಂಗಳ ಮೊತ್ತ. ಕೆಳಗೆ ಬರೆದಿದ್ದರು: “ಈಗ ಸುಂಟಿಕೊಪ್ಪಕ್ಕೆ ಬಂತು.”